ಹಳೆ 800ರಲ್ಲಿ ಇಂಜಿನ್ ಆಯಿಲ್ ಸೋರಿಕೆ: ಗೇರ್‌ಬಾಕ್ಸ್ ಇಳಿಸಲೇಬೇಕಾ?

ಹೊಸನಗರದ ಬಿಳಿ 800

ಎಲ್ಲರಿಗೂ ನಮಸ್ಕಾರ. ಅಪ್ಪ ತೆಗೆದುಕೊಂಡಿದ್ದ 1997ರ ಮಾಡೆಲ್ ಮಾರುತಿ 800 ಇನ್ನೂ ಮನೆಯಲ್ಲಿದೆ, ಕಾರ್ಬೊರೇಟರ್ ಗಾಡಿ. ತೋಟಕ್ಕೆ, ಡೈರಿಗೆ, ಯಾವಾಗಲಾದರೂ ಶಿವಮೊಗ್ಗಕ್ಕೆ ಅದೇ. ಮಳೆ ಹಿಡಿದ ಮೇಲೆ ಇಂಜಿನ್ ಆಯಿಲ್ ಸೋರುವುದು ಜಾಸ್ತಿಯಾಗಿದೆ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಅಂಗಳದಲ್ಲಿ ಅಂಗೈ ಅಗಲದ ಕಪ್ಪು ಕಲೆ. ಈಗ ಕೆಳಗೆ ಒಂದು ಅಡಿಕೆ ಹಾಳೆ ಇಟ್ಟು ಬಿಡುತ್ತಿದ್ದೇನೆ.

ಗ್ಯಾರೇಜಿನವರು ಗಾಡಿ ಎತ್ತಿ ನೋಡಿದರು. ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದಲ್ಲಿ ಹನಿ ನಿಂತಿದೆ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ಇಳಿಸಿದ ಮೇಲೆ ಕ್ಲಚ್ ಪ್ಲೇಟೂ ಹಾಕಿಸಿಬಿಡಿ ಅಂದರು. ಅವರು ಹೇಳಿದ ದುಡ್ಡು ಕೇಳಿದರೆ ಗಾಡಿ ಮಾರಿದರೂ ಅಷ್ಟು ಬರುತ್ತದೋ ಇಲ್ಲವೋ. ಆರ್‌ಸಿ ರಿನ್ಯೂವಲ್ ಬೇರೆ ಹತ್ತಿರ ಬಂತು. ನನ್ನ ಹತ್ತಿರ ಸ್ಪಾನರ್ ಸೆಟ್ ಇದೆ, ಜಾಕಿ ಇದೆ. ಆಯಿಲ್, ಫಿಲ್ಟರ್ ನಾನೇ ಬದಲಿಸಿಕೊಳ್ಳುತ್ತೇನೆ. ಮನೆಯಲ್ಲೇ ಎಂತ ಮಾಡಬಹುದು?

ಕೊಪ್ಪದ ಕಾಫಿ

ಒಂದು ಬಾಟಲಿ ಸ್ಟಾಪ್ ಲೀಕ್ ತಂದು ಆಯಿಲ್ ಜೊತೆ ಸುರಿಯಿರಿ ಮಾರಾಯ್ರೆ. ಇಲ್ಲದಿದ್ದರೆ 20ಡಬ್ಲ್ಯೂ-50 ಹಾಕಿ. ಆಯಿಲ್ ದಪ್ಪ ಆದರೆ ಸೋರುವುದು ತಾನಾಗಿ ಕಮ್ಮಿ ಆಗುತ್ತದೆ. ಹಳೆ ಗಾಡಿಗೆ ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಆಟೋ ಕಾಂಪ್ಲೆಕ್ಸ್ ಹಳಬ

ತಡೀರಿ. ಸುಮ್ನೆ ಬಾಟಲಿ ಸುರಿಯುವುದೂ ಬೇಡ, ಗೇರ್‌ಬಾಕ್ಸ್ ಇಳಿಸುವುದೂ ಬೇಡ. ಎಲ್ಲಿಂದ ಸೋರುತ್ತಿದೆ ಅಂತ ಇನ್ನೂ ಯಾರೂ ನೋಡೇ ಇಲ್ಲ. ಎಲ್ಲಿ ಹನಿ ಬೀಳುತ್ತದೆ ಅಂತ ಮಾತ್ರ ನೋಡಿದ್ದಾರೆ. ಎರಡೂ ಬೇರೆ.

ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಕೊನೆಗೆ ಯಾವುದೋ ಒಂದು ತಗ್ಗು ಮೂಲೆಯಲ್ಲಿ ಹನಿಯಾಗುತ್ತದೆ. ನಿಮ್ಮ 800ರಲ್ಲಿ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕೂತಿರುವುದು ಹೆಡ್ಡಿನ, ಅಂದರೆ ಇಂಜಿನ್ನಿನ ಮೇಲ್ಭಾಗದ, ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ. ಅಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ, ಅಂದರೆ ಓ ರಿಂಗ್, ಗಟ್ಟಿಯಾಗಿ ಸೋರಿದರೆ ಆಯಿಲ್ ನೇರ ಕೆಳಗಿಳಿದು ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲೇ ನಿಲ್ಲುತ್ತದೆ. ಕೆಳಗಿಂದ ನೋಡಿದವರಿಗೆ ಹಿಂದಿನ ಸೀಲ್ ಹೋದ ಹಾಗೇ ಕಾಣುತ್ತದೆ. ಹೆಡ್ಡಿನ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ಅದರ ಪ್ಯಾಕಿಂಗ್ ಆ ಮೂಲೆಯಲ್ಲಿ ಸೋರಿದರೂ ಇದೇ ಕಥೆ. ಹೆಸರು ಹಿಂದಿನ ಸೀಲಿಗೆ ಬರುತ್ತದೆ, ತಪ್ಪು ಮೇಲಿನವರದ್ದು.

ಮೊದಲು ತೊಳೆಯಿರಿ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಡೀಸೆಲ್ ಮತ್ತು ಬ್ರಷ್, ಆಮೇಲೆ ಸೋಪಿನ ನೀರು, ಆಮೇಲೆ ಬನಿಯನ್ ವೇಸ್ಟಿನಲ್ಲಿ ಒರೆಸಿ. ಪೆಟ್ರೋಲ್ ಮುಟ್ಟಬೇಡಿ. ಡಿಸ್ಟ್ರಿಬ್ಯೂಟರ್, ಕಾಯಿಲ್, ಕಾರ್ಬೊರೇಟರ್ ಬಾಯಿ ಇವಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ. ಇಲ್ಲದಿದ್ದರೆ ನಮ್ಮ ಮಳೆಗಾಲದಲ್ಲಿ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಅದು ಬೇರೆ ತಲೆನೋವು. ಪೂರ್ತಿ ಒಣಗಿದ ಮೇಲೆ ಟ್ಯಾಪೆಟ್ ಕವರ್ ಸುತ್ತ, ಡಿಸ್ಟ್ರಿಬ್ಯೂಟರ್ ಬುಡ, ಫಿಲ್ಟರ್ ಸುತ್ತ, ಚೇಂಬರ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಅಂಚು, ಎಲ್ಲ ಕಡೆ ಟಾಲ್ಕಂ ಪೌಡರ್ ಉದುರಿಸಿ. ಬೆಲ್ಟ್ ಓಡುವ ಕಡೆ ಬೇಡ. ಇಂಜಿನ್ ಬಿಸಿಯಾಗುವವರೆಗೆ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಲ್ಲಿ ಶುರುವಾಗಿದೆಯೋ ಅದೇ ಜಾಗ. ಗೆರೆಯ ಕೆಳ ತುದಿ ನೋಡಬೇಡಿ, ಮೇಲಿನ ತುದಿ ನೋಡಿ.

ಇಷ್ಟು ಮಾಡಿ ಫೋಟೋ ಹಾಕಿ. ಅಲ್ಲಿಯವರೆಗೆ ಒಂದು ಪೈಸೆ ಪಾರ್ಟ್ಸ್ ತರಬೇಡಿ.

ಭದ್ರಾವತಿ ಫಿಟ್ಟರ್

ಹಳಬರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಆ ಹನಿಯನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿ. ಗೇರ್ ಆಯಿಲಿಗೆ ಗಂಧಕದ ಘಾಟು ಇರುತ್ತದೆ, ಮೂಗಿಗೆ ಹೊಡೆಯುತ್ತದೆ. ಹಾಗಿದ್ದರೆ ಅದು ಇಂಜಿನ್ ಆಯಿಲೇ ಅಲ್ಲ, ಗೇರ್‌ಬಾಕ್ಸ್ ಸೀಲಿನದು. ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ ಇಂಜಿನ್ನಿನದು. ಹಸಿರಾಗಿ ನೀರಿನ ಹಾಗಿದ್ದರೆ ಕೂಲೆಂಟ್. ಮಳೆಗಾಲದಲ್ಲಿ ಎಲ್ಲ ಒಂದೇ ಥರ ಕಾಣುತ್ತದೆ, ಬಿಳಿ ರಟ್ಟಿನ ಮೇಲೆ ಬೀಳಲು ಬಿಟ್ಟರೆ ಬಣ್ಣ ಗೊತ್ತಾಗುತ್ತದೆ. ಹಾಳೆ ಮೇಲೆ ಗೊತ್ತಾಗಲ್ಲ.

ಇನ್ನೊಂದು. ಇಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಸ್ವಲ್ಪ ಹಬೆ ಬಂದರೆ ಪರವಾಗಿಲ್ಲ. ಬುಸ್ ಬುಸ್ ಅಂತ ಹೊಗೆ ನೂಕುತ್ತಿದ್ದರೆ ಪಿಸ್ಟನ್ ರಿಂಗ್ಸ್ ಸವೆದಿವೆ ಅಂತ ಅರ್ಥ. ಆ ಪ್ರೆಶರಿಗೆ ಹೊಸ ಸೀಲ್ ಹಾಕಿದರೂ ಬಾಳುವುದಿಲ್ಲ.

ತೀರ್ಥಹಳ್ಳಿ ತಿರುವು

ಬ್ರೀದರ್ ಪೈಪ್ ಕೂಡ ನೋಡಿ ಅಣ್ಣ. ಟ್ಯಾಪೆಟ್ ಕವರಿಂದ ಏರ್ ಫಿಲ್ಟರ್ ಕಡೆ ಹೋಗುವ ರಬ್ಬರ್ ಪೈಪ್. ನಮ್ಮ ಕಡೆ ಗಾಡಿಗಳಿಗೆ ಇದೇ ದೊಡ್ಡ ಕಾಯಿಲೆ. ಮನೆಯಿಂದ ಡೈರಿಗೆ ಹೋಗಿ ಹಾಲು ಹಾಕಿ ವಾಪಸ್ ಬರುವಷ್ಟರಲ್ಲಿ ಇಂಜಿನ್ ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ಒಳಗಿನ ತೇವ ಆರದೆ ಆಯಿಲ್ ಜೊತೆ ಸೇರಿ ಮುಚ್ಚಳದ ಅಡಿಯಲ್ಲಿ ಬೆಣ್ಣೆ ಥರ ಬಿಳಿ ಹಳದಿ ಜಿಡ್ಡು ಕಟ್ಟುತ್ತದೆ. ಅದೇ ಜಿಡ್ಡು ಬ್ರೀದರ್ ಒಳಗೂ ಕೂತು ದಾರಿ ಮುಚ್ಚುತ್ತದೆ. ಗಾಳಿ ಹೊರಗೆ ಹೋಗಲು ಜಾಗ ಇಲ್ಲ ಅಂದರೆ ಎಲ್ಲಿ ಪ್ಯಾಕಿಂಗ್ ಮೆತ್ತಗಿದೆಯೋ ಅಲ್ಲಿಂದ ಆಯಿಲ್ ನೂಕುತ್ತದೆ. ನಿಮಗೆ ಮಳೆಗಾಲದಲ್ಲೇ ಜಾಸ್ತಿ ಆಗಿದ್ದು ಇದಕ್ಕೇ ಇರಬಹುದು.

ಜಿಡ್ಡು ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಹೆದರಿಸುವವರೂ ಇದ್ದಾರೆ. ಕೂಲೆಂಟ್ ಕಮ್ಮಿ ಆಗುತ್ತಿಲ್ಲ, ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿಲ್ಲ ಅಂದರೆ ಅದು ಬರೀ ತೇವ. ಒಂದು ಸಲ ಶಿವಮೊಗ್ಗದವರೆಗೆ ಬಿಸಿ ಬಿಸಿ ಓಡಿಸಿದರೆ ಎಷ್ಟೋ ಕಮ್ಮಿ ಆಗುತ್ತದೆ.

ಕೊಪ್ಪದ ಕಾಫಿ

ಸ್ಟಾಪ್ ಲೀಕ್ ಬೇಡ ಅಂತ ಯಾಕೆ ಹೇಳುತ್ತೀರಿ ಹಳಬರೇ? ನಮ್ಮ ಎಸ್ಟೇಟ್ ಜೀಪಿಗೆ ಹಾಕಿದ್ದೇವೆ, ನಿಂತಿದೆ.

ಆಟೋ ಕಾಂಪ್ಲೆಕ್ಸ್ ಹಳಬ

ನಿಂತಿರಬಹುದು, ಇಲ್ಲ ಅನ್ನುವುದಿಲ್ಲ. ಅದರ ಕೆಲಸ ಗಟ್ಟಿಯಾದ ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸಿ ಮೆತ್ತಗೆ ಮಾಡುವುದು. ಸೀಲ್ ಬರೀ ಗಟ್ಟಿಯಾಗಿದ್ದರೆ ಸ್ವಲ್ಪ ಕಾಲ ನಿಲ್ಲುತ್ತದೆ. ಹರಿದಿದ್ದರೆ, ಪ್ಯಾಕಿಂಗ್ ತುಂಡಾಗಿದ್ದರೆ, ಚೇಂಬರ್ ತೂತಾಗಿದ್ದರೆ ಬಾಟಲಿ ಏನು ಮಾಡೀತು? ಗೇರ್‌ಬಾಕ್ಸ್ ಇಳಿಸುವ ಖರ್ಚು ಮುಂದಕ್ಕೆ ಹಾಕಲು ಕೊನೆಯ ಉಪಾಯ ಅಂತ ಇಟ್ಟುಕೊಳ್ಳಿ, ಮೊದಲನೆಯದು ಬೇಡ. ದಪ್ಪ ಆಯಿಲೂ ಹಾಗೇ. ಸೋರುವ ವೇಗ ಕಮ್ಮಿ ಆಗುತ್ತದೆ, ಸೋರುವ ಜಾಗ ಮುಚ್ಚುವುದಿಲ್ಲ.

ಹೊಸನಗರದ ಬಿಳಿ 800

ತೊಳೆದೆ, ಒಣಗಿಸಿದೆ. ಮಳೆ ಬಿಡುವು ಕೊಡುವುದನ್ನು ಕಾಯುವುದೇ ದೊಡ್ಡ ಕೆಲಸ ಆಯಿತು. ಮಗಳ ಪೌಡರ್ ಡಬ್ಬಿ ಖಾಲಿ, ಮನೆಯಲ್ಲಿ ಅದೊಂದು ಗಲಾಟೆ.

ಹಳಬರ ಬಾಯಿಗೆ ಸಕ್ಕರೆ ಹಾಕಬೇಕು. ಗೆರೆ ಶುರುವಾಗಿದ್ದು ಡಿಸ್ಟ್ರಿಬ್ಯೂಟರ್ ಬುಡದಲ್ಲೇ. ಟ್ಯಾಪೆಟ್ ಕವರಿನ ಅದೇ ಮೂಲೆಯಲ್ಲೂ ಸ್ವಲ್ಪ ಒದ್ದೆ. ಅಲ್ಲಿಂದ ಕೆಳಗೆ ಒಂದೇ ಗೆರೆ. ಬ್ರೀದರ್ ಪೈಪ್ ಬಿಚ್ಚಿದೆ, ಒಳಗೆ ತಿರುವಿನವರು ಹೇಳಿದ ಬೆಣ್ಣೆಯೇ. ಹನಿಗೆ ಗಂಧಕದ ವಾಸನೆ ಇಲ್ಲ. ಮುಚ್ಚಳ ತೆಗೆದರೆ ಹೊಗೆ ನೂಕುವುದಿಲ್ಲ, ಸಣ್ಣ ಹಬೆ ಅಷ್ಟೇ.

ಈಗ ಬಿಚ್ಚುವುದು ಹೇಗೆ? ಡಿಸ್ಟ್ರಿಬ್ಯೂಟರ್ ತೆಗೆದರೆ ಟೈಮಿಂಗ್ ಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ.

ಆಟೋ ಕಾಂಪ್ಲೆಕ್ಸ್ ಹಳಬ

ಗುರುತು ಹಾಕದೆ ತೆಗೆದರೆ ಹೋಗುತ್ತದೆ. ಹಾಕಿ ತೆಗೆದರೆ ಎಲ್ಲಿಗೂ ಹೋಗುವುದಿಲ್ಲ.

ಬ್ಯಾಟರಿ ನೆಗೆಟಿವ್ ಬಿಚ್ಚಿ. ಕ್ಯಾಪ್ ತೆಗೆದು ಪಕ್ಕಕ್ಕೆ ಇಡಿ, ಪ್ಲಗ್ ವೈರ್ ಕೀಳಬೇಡಿ. ಆಮೇಲೆ ಎರಡು ಗುರುತು. ಕ್ಯಾಪ್ ಅಡಿಯಲ್ಲಿ ತಿರುಗುವ ತುಂಡು, ರೋಟರ್, ಅದರ ಮೂತಿ ಯಾವ ಕಡೆ ನೋಡುತ್ತಿದೆ ಅಂತ ಡಿಸ್ಟ್ರಿಬ್ಯೂಟರ್ ಅಂಚಿನ ಮೇಲೆ ಒಂದು ಗೆರೆ. ಡಿಸ್ಟ್ರಿಬ್ಯೂಟರ್ ಬಾಡಿಯೂ ಅದು ಕೂರುವ ಕೇಸೂ ಸೇರುವಲ್ಲಿ ಎರಡರ ಮೇಲೂ ಬರುವ ಹಾಗೆ ಇನ್ನೊಂದು ಗೆರೆ. ಮಾರ್ಕರ್ ಅಳಿಸಿ ಹೋಗುತ್ತದೆ, ಮೊಳೆಯಲ್ಲಿ ಗೀರಿ. ಮೊಬೈಲಿನಲ್ಲಿ ಫೋಟೋ ಬೇರೆ ಇರಲಿ. ಹಿಡಿದಿರುವ ಬೋಲ್ಟ್ ಬಿಚ್ಚಿ ನಿಧಾನ ಎಳೆಯಿರಿ. ಒಳಗಿನ ಗೇರ್ ಹಲ್ಲು ಓರೆ, ಹಾಗಾಗಿ ಎಳೆಯುವಾಗ ರೋಟರ್ ಸ್ವಲ್ಪ ತಿರುಗುತ್ತದೆ. ಗಾಬರಿ ಆಗಬೇಡಿ. ತಿರುಗಿ ಎಲ್ಲಿ ನಿಂತಿತು ಅಂತ ಮೂರನೇ ಗುರುತು ಹಾಕಿ. ವಾಪಸ್ ಹಾಕುವಾಗ ಅಲ್ಲಿಂದ ಶುರು ಮಾಡಿದರೆ ಕೂತ ಮೇಲೆ ಸರಿಯಾಗಿ ಮೊದಲಿನ ಗುರುತಿಗೇ ಬರುತ್ತದೆ. ಮಧ್ಯದಲ್ಲಿ ಯಾರೂ ಇಂಜಿನ್ ತಿರುಗಿಸಬಾರದು, ಗೇರಿನಲ್ಲಿ ಹಾಕಿ ಗಾಡಿ ನೂಕಲೂಬಾರದು. ಮನೆಯ ಮಕ್ಕಳಿಗೆ ಹೇಳಿಡಿ.

ಹಳೆ ಓ ರಿಂಗ್ ಪ್ಲಾಸ್ಟಿಕ್ ಬಳೆ ಥರ ಗಟ್ಟಿಯಾಗಿರುತ್ತದೆ, ಕತ್ತರಿಸಿ ತೆಗೆಯಿರಿ. ಹೊಸದಕ್ಕೆ ಆಯಿಲ್ ಸವರಿ ಹಾಕಿ. ಓ ರಿಂಗಿಗೆ ಅನಾಬಾಂಡ್ (ಪ್ಯಾಕಿಂಗಿಗೆ ಹಚ್ಚುವ ಸಿಲಿಕೋನ್ ಅಂಟು) ಬಳಿಯಬೇಡಿ, ದಯವಿಟ್ಟು. ಕೇಸೂ ಹೆಡ್ಡೂ ಸೇರುವ ಕಡೆ ಇನ್ನೊಂದು ಪ್ಯಾಕಿಂಗ್ ಇದೆ, ಅಲ್ಲೂ ಒದ್ದೆ ಇದ್ದರೆ ಅದನ್ನೂ ಬದಲಿಸಿ. ಕೇಸ್ ಬಿಚ್ಚಿದ್ದರೆ ಕೂರಿಸಿದ ಮೇಲೆ ಅದರೊಳಗೆ ಸ್ವಲ್ಪ ಇಂಜಿನ್ ಆಯಿಲ್ ಹಾಕಲು ಮರೆಯಬೇಡಿ, ಗೇರ್ ಒಣಗಿದ ಹಲ್ಲಿನಲ್ಲಿ ಓಡಬಾರದು.

ಕ್ಯಾಪ್ ಒಳಗೆ ಆಯಿಲ್ ಇದೆಯಾ ನೋಡಿ. ಇದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ ಸೀಲೇ ಹೋಗಿದೆ, ಹೊರಗಿನ ಓ ರಿಂಗ್ ಬದಲಿಸಿ ಪ್ರಯೋಜನ ಇಲ್ಲ.

ಟ್ಯಾಪೆಟ್ ಕವರಿಗೆ ಬರೋಣ. ಸೋರಿದ ಕೂಡಲೇ ಎಲ್ಲರೂ ಮಾಡುವುದು ಬೋಲ್ಟ್ ಇನ್ನೂ ಬಿಗಿ ಮಾಡುವುದು. ತೆಳು ತಗಡಿನ ಕವರ್ ಬಗ್ಗುತ್ತದೆ, ಬೋಲ್ಟ್ ಇರುವ ಕಡೆ ಒತ್ತಿ, ಮಧ್ಯದಲ್ಲಿ ಬಾಯಿ ಬಿಡುತ್ತದೆ. ಮೊದಲಿಗಿಂತ ಜಾಸ್ತಿ ಸೋರುತ್ತದೆ. ಕವರನ್ನು ಗಾಜಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಕವುಚಿ ಹಾಕಿ ನೋಡಿ, ಅಂಚು ಎತ್ತಿದ್ದರೆ ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸರಿ ಮಾಡಿ. ಎರಡೂ ಕಡೆಯ ಹಳೆ ಪ್ಯಾಕಿಂಗ್ ಚೂರು ಪೂರ್ತಿ ತೆಗೆಯಬೇಕು. ಹೆಡ್ ಅಲ್ಯೂಮಿನಿಯಂ, ಬ್ಲೇಡಿನಲ್ಲಿ ಕೆರೆದರೆ ಗೀರು ಬೀಳುತ್ತದೆ. ಪ್ಲಾಸ್ಟಿಕ್ ಕಾರ್ಡಿನಲ್ಲಿ ಕೆರೆಯಿರಿ, ಚೂರು ಒಳಗೆ ಬೀಳದ ಹಾಗೆ ಬಟ್ಟೆ ತುರುಕಿ, ಆಮೇಲೆ ಆ ಬಟ್ಟೆ ಮರೆಯದೆ ತೆಗೆಯಿರಿ. ಹೊಸ ರಬ್ಬರ್ ಪ್ಯಾಕಿಂಗ್ ಒಣದಾಗಿಯೇ ಕೂರಿಸಿ. ಮೂಲೆ ತಿರುಗುವಲ್ಲಿ ಬೇಕಾದರೆ ಒಂದು ಸಾಸಿವೆ ಕಾಳಿನಷ್ಟು ಅನಾಬಾಂಡ್. ಬಿಗಿ ಮಾಡುವುದು ಗಿಡ್ಡ ಸ್ಪಾನರಿನಲ್ಲಿ, ಮಣಿಕಟ್ಟಿನ ಬಲ ಮಾತ್ರ. ಇಷ್ಟು ಸಣ್ಣ ಬೋಲ್ಟಿಗೆ 10 ನ್ಯೂಟನ್ ಮೀಟರ್ ಅಂದರೇ ಜಾಸ್ತಿ.

ಸಾಗರದ ಓಮ್ನಿ

ಮಳೆಗಾಲದಲ್ಲಿ ಅನಾಬಾಂಡ್ ಒಣಗುತ್ತದಾ? ನಮ್ಮಲ್ಲಿ ಬಟ್ಟೆಯೇ ಒಣಗುತ್ತಿಲ್ಲ.

ಭದ್ರಾವತಿ ಫಿಟ್ಟರ್

ಒಳ್ಳೆ ಪ್ರಶ್ನೆ. ಅದು ಬಿಸಿಲಿಗೆ ಒಣಗುವುದಲ್ಲ. ಗಾಳಿಯಲ್ಲಿರುವ ತೇವವನ್ನು ತೆಗೆದುಕೊಂಡೇ ಗಟ್ಟಿಯಾಗುತ್ತದೆ. ಹಾಗಾಗಿ ಮಲೆನಾಡಿನ ಹವೆ ಅದಕ್ಕೆ ತೊಂದರೆಯಲ್ಲ, ಅನುಕೂಲವೇ. ತೊಂದರೆ ಇರುವುದು ಲೋಹದ ಮೇಲೆ ಕೂತ ನೀರಿನ ಪಸೆ ಮತ್ತು ಆಯಿಲ್ ಜಿಡ್ಡು. ಅವೆರಡು ಇದ್ದರೆ ಹಿಡಿಯುವುದೇ ಇಲ್ಲ. ಥಿನ್ನರಿನಲ್ಲಿ ಒರೆಸಿ, ಹೇರ್ ಡ್ರೈಯರ್ ಇದ್ದರೆ ಲೋಹವನ್ನು ಸ್ವಲ್ಪ ಬೆಚ್ಚಗೆ ಮಾಡಿ ಹಚ್ಚಿ. ಬೆಚ್ಚಗೆ ಮಾಡುವುದು ಥಿನ್ನರ್ ಪೂರ್ತಿ ಹಾರಿಹೋದ ಮೇಲೆ, ಅದು ಬೆಂಕಿ ಹಿಡಿಯುವ ಸಾಮಾನು. ಒಂದು ರಾತ್ರಿ ಬಿಟ್ಟು ಆಯಿಲ್ ಹಾಕಿ.

ಜಾಸ್ತಿ ಹಚ್ಚುವುದು ಮಾತ್ರ ದೊಡ್ಡ ತಪ್ಪು. ಹೊರಗೆ ಎಷ್ಟು ಉಕ್ಕಿ ಬರುತ್ತದೋ ಒಳಗೂ ಅಷ್ಟೇ ಉಕ್ಕಿರುತ್ತದೆ. ಒಳಗಿನದು ಕಿತ್ತು ಚೇಂಬರಿಗೆ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಂಡರೆ ಸೋರಿಕೆ ನಿಲ್ಲಿಸಲು ಹೋಗಿ ಇಂಜಿನ್ನೇ ನಿಂತ ಹಾಗೆ.

ತೀರ್ಥಹಳ್ಳಿ ತಿರುವು

ಚೇಂಬರ್ ಮಾತು ಬಂತಲ್ಲ. ಬಿಳಿ 800ನವರೇ, ತೋಟದ ರಸ್ತೆಯಲ್ಲಿ ಕಲ್ಲು ಬಡಿದಿದೆಯಾ ನೋಡಿ. ತಗ್ಗಾದ ಚೇಂಬರ್ ಸೋರದಿದ್ದರೂ ಜಾಲರಿಗೆ ತಾಗಿ ಆಯಿಲ್ ಎಳೆಯುವುದು ಕಮ್ಮಿ ಆಗಬಹುದು. ಮಣ್ಣು ಮೆತ್ತಿ ತುಕ್ಕು ಹಿಡಿದು ಸೂಜಿ ತೂತಾಗುವುದೂ ಇದೆ. ಅದಕ್ಕೆ ಎಂ-ಸೀಲ್ ಮೆತ್ತಿ ಊರು ಸೇರಬಹುದು, ಅಷ್ಟೇ. ಆಮೇಲೆ ಬೇರೆ ಚೇಂಬರ್ ಹಾಕಿಸಿ. 800 ತಯಾರಾಗುವುದು 2014ರ ಜನವರಿಯಲ್ಲೇ ನಿಂತರೂ ಇಂಥ ಪಾರ್ಟ್ಸಿಗೆ ಇನ್ನೂ ಬರ ಇಲ್ಲ.

ಕೆಳಗೆ ಹೋಗುವ ಮೊದಲು ಒಂದು ಮಾತು. ಬರೀ ಜಾಕಿ ನಂಬಿ ಗಾಡಿ ಕೆಳಗೆ ತೂರಬೇಡಿ. ನಮ್ಮ ಅಂಗಳದ ಮಣ್ಣು ಮಳೆಗೆ ನೆನೆದು ಜಾಕಿ ಹೂತು ವಾಲುತ್ತದೆ. ಜಂಬಿಟ್ಟಿಗೆ ಕಲ್ಲು ಜೋಡಿಸಿ ಅದರ ಮೇಲೆ ಗಾಡಿ ಕೂರಿಸುವವರನ್ನು ನೋಡಿದ್ದೇನೆ, ಎದೆ ಧಸಕ್ ಅನ್ನುತ್ತದೆ. ಆ ಕಲ್ಲು ಹೇಳದೆ ಕೇಳದೆ ಸೀಳುತ್ತದೆ. ಸಿಮೆಂಟ್ ನೆಲ ಇರುವ ಕಡೆ ನಿಲ್ಲಿಸಿ, ಜಾಕ್ ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಕ್ಕೆ ಕಟ್ಟೆ ಕೊಡಿ.

ಹೊಸನಗರದ ಬಿಳಿ 800

ಓ ರಿಂಗ್, ಕೇಸ್ ಪ್ಯಾಕಿಂಗ್, ಟ್ಯಾಪೆಟ್ ಪ್ಯಾಕಿಂಗ್ ಮೂರೂ ಹಾಕಿದೆ. ಎಲ್ಲ ಸೇರಿ ಗ್ಯಾರೇಜಿನವರು ಹೇಳಿದ್ದರ ಪಕ್ಕ ಇಡಲೂ ಆಗದಷ್ಟು ಸಣ್ಣ ದುಡ್ಡು. ಮೂರು ಗುರುತಿನ ಉಪಾಯ ಕೆಲಸ ಮಾಡಿತು, ಮೊದಲ ಸೆಲ್ಫಿಗೇ ಸ್ಟಾರ್ಟ್. ಬ್ರೀದರ್ ಪೈಪ್ ತೊಳೆಯಲು ಹೋದರೆ ಒಡೆದಿತ್ತು, ಹೊಸದು ಹಾಕಿದೆ. ಗೇರ್‌ಬಾಕ್ಸ್ ಕಡೆ ಈಗ ಪೂರ್ತಿ ಒಣ.

ಆದರೆ ಮುಂದೆ ಒಂದು ಸಣ್ಣ ಹನಿ ಉಳಿದಿದೆ. ಫಿಲ್ಟರ್ ಹತ್ತಿರ ಅನ್ನಿಸುತ್ತದೆ.

ಆಟೋ ಕಾಂಪ್ಲೆಕ್ಸ್ ಹಳಬ

ಒಂದು ಸೋರಿಕೆ ನಿಲ್ಲಿಸಿದರೆ ಎರಡನೆಯದು ಕಾಣುವುದು ಮಾಮೂಲಿ. ಅದು ಮೊದಲೂ ಇತ್ತು, ದೊಡ್ಡದರ ಅಡಿಯಲ್ಲಿ ಮುಚ್ಚಿಹೋಗಿತ್ತು. ಫಿಲ್ಟರ್ ಬಿಚ್ಚಿ ನೋಡಿ. ಹಳೆ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿಕೊಂಡು ಅದರ ಮೇಲೆ ಹೊಸದು ಕೂತಿದ್ದರೆ ಎರಡು ರಿಂಗ್ ಆಗಿ ಸೋರುತ್ತದೆ. ಹೊಸ ರಿಂಗಿಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಸ್ಪಾನರ್ ಬೇಡ.

ಅಲ್ಲೂ ಇಲ್ಲದಿದ್ದರೆ ಆಯಿಲ್ ಪ್ರೆಶರ್ ಸ್ವಿಚ್. ವೈರ್ ಕಿತ್ತು ನೋಡಿ, ಆ ಸಾಕೆಟ್ ಒಳಗೆ ಆಯಿಲ್ ಇದ್ದರೆ ಸ್ವಿಚ್ಚೇ ಒಳಗೆ ಒಡೆದಿದೆ. ಬಿಗಿ ಮಾಡಿದರೆ ನಿಲ್ಲುವುದಿಲ್ಲ, ಬದಲಿಸಬೇಕು. ಡ್ರೈನ್ ಬೋಲ್ಟಿನ ವಾಷರ್ ಕೂಡ ಆಯಿಲ್ ಬದಲಿಸುವಾಗ ಹೊಸದು ಹಾಕಿ.

ಆಯಿಲ್ ಲೈಟಿನ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಆಯಿಲ್ ಎಷ್ಟಿದೆ ಅಂತ ತೋರಿಸುವುದಲ್ಲ, ಪ್ರೆಶರ್ ಇಲ್ಲ ಅಂತ ಹೇಳುವುದು. ಓಡುವಾಗ ಹತ್ತಿದರೆ ಮನೆ ಎರಡೇ ಕಿಲೋಮೀಟರ್ ಇದೆ ಅಂತ ಓಡಿಸಬೇಡಿ, ಅಲ್ಲೇ ಆಫ್ ಮಾಡಿ.

ಹೊಸನಗರದ ಬಿಳಿ 800

ಸ್ವಿಚ್ಚೇ. ಸಾಕೆಟ್ ಒಳಗೆ ಆಯಿಲ್ ತುಂಬಿತ್ತು. ಹೊಸದು ಹಾಕಿದೆ.

ಸಾಗರದ ಓಮ್ನಿ

ನನ್ನದೂ ಅದೇ 796 ಸಿಸಿ ಇಂಜಿನ್, ಓಮ್ನಿ. ಸೀಟಿನ ಅಡಿಯಲ್ಲಿದೆ. ಘಾಟಿ ಹತ್ತುವಾಗ ಒಳಗೆಲ್ಲ ಸುಟ್ಟ ಆಯಿಲ್ ವಾಸನೆ. ಹುಲಿಕಲ್ ಹತ್ತುವಷ್ಟರಲ್ಲಿ ಹಿಂದೆ ಕೂತವರಿಗೆ ತಲೆ ಸುತ್ತು. ಪೌಡರ್ ಹಾಕಿ ನೋಡಿದೆ, ಟೈಮಿಂಗ್ ಕವರಿನ ಅಡಿಯಿಂದ ಬರುತ್ತಿದೆ.

ಭದ್ರಾವತಿ ಫಿಟ್ಟರ್

ಹಾಗಿದ್ದರೆ ಮುಂದಿನ ಕ್ರ್ಯಾಂಕ್ ಸೀಲ್ ಅಥವಾ ಕ್ಯಾಮ್ ಸೀಲ್. ಅದು ಸೈಲೆನ್ಸರ್ ಪೈಪಿಗೆ ಬಿದ್ದು ಸುಡುತ್ತಿದೆ. ಇದನ್ನು ಮುಂದೂಡಬೇಡಿ, ಆ ಕವರಿನ ಒಳಗೆ ಟೈಮಿಂಗ್ ಬೆಲ್ಟ್ ಇದೆ. ಆಯಿಲ್ ಕುಡಿದ ಬೆಲ್ಟ್ ಬೇಗ ಹಾಳಾಗುತ್ತದೆ, ಒರೆಸಿ ಮತ್ತೆ ಹಾಕುವ ಹಾಗಿಲ್ಲ. ಎರಡು ಸೀಲೂ ಬೆಲ್ಟೂ ಒಟ್ಟಿಗೇ ಬದಲಿಸಿ. ಟೈಮಿಂಗ್ ಗುರುತು ಕೂರಿಸಿ ಅಭ್ಯಾಸ ಇಲ್ಲ ಅಂದರೆ ಈ ಒಂದು ಕೆಲಸ ಮೆಕ್ಯಾನಿಕ್ ಹತ್ತಿರವೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ.

ನೋಡುವುದು ಏನು ಅಂದರೆ, ಹಳೆ ಸೀಲ್ ತೆಗೆದಾಗ ಶಾಫ್ಟ್ ಮೇಲೆ ಸೀಲ್ ಉಜ್ಜಿದ ಗೆರೆ ಬಿದ್ದಿದೆಯಾ ಅಂತ. ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದರೆ ಹೊಸ ಸೀಲನ್ನು ಅದೇ ಆಳಕ್ಕೆ ಹೊಡೆಯಬಾರದು. ಒಂದು ಚೂರು ಹಿಂದೆ ಮುಂದೆ ಕೂರಿಸಿದರೆ ಸೀಲಿನ ತುಟಿ ಸವೆಯದ ಜಾಗಕ್ಕೆ ಬರುತ್ತದೆ. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ. ತುಟಿಗೆ ಆಯಿಲ್ ಸವರದೆ ಒಣದಾಗಿ ಹಾಕಿದರೆ ಸ್ಟಾರ್ಟ್ ಮಾಡಿದ ಕೂಡಲೇ ಉರಿದು ಹೋಗುತ್ತದೆ. ಕಾರ್ಖಾನೆಯಲ್ಲಿ ದೊಡ್ಡ ಪಂಪಿಗೂ ಹೀಗೇ ಮಾಡುತ್ತಿದ್ದೆವು, ಸೈಜ್ ಬೇರೆ ಅಷ್ಟೇ.

ಕೊಪ್ಪದ ಕಾಫಿ

ಇಳಿಸಿದ ಹಳೆ ಆಯಿಲ್ ಎಂತ ಮಾಡುತ್ತೀರಿ ಎಲ್ಲರೂ? ನಾವು ಬೇಲಿ ಗೂಟಕ್ಕೆ ಬಳಿಯುತ್ತೇವೆ, ಗೆದ್ದಲು ಹತ್ತುವುದಿಲ್ಲ.

ತೀರ್ಥಹಳ್ಳಿ ತಿರುವು

ಎಲ್ಲರ ಮನೆಯಲ್ಲೂ ಮಾಡುತ್ತಿದ್ದದ್ದೇ. ಆದರೆ ನಮ್ಮ ಕಡೆ ಬೀಳುವ ಮಳೆಗೆ ಗೂಟದಲ್ಲಿ ಎಷ್ಟು ನಿಲ್ಲುತ್ತದೆ ಹೇಳಿ? ತೊಳೆದುಕೊಂಡು ಗದ್ದೆಗೆ, ಬಾವಿಗೆ, ಹಳ್ಳಕ್ಕೆ. ಹಳ್ಳ ಹೋಗಿ ಸೇರುವುದು ತುಂಗೆಗೋ ಶರಾವತಿಗೋ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ ಅಂತಲೇ 2016ರ ನಿಯಮದಲ್ಲಿದೆ. ಹಳೆ ಆಯಿಲ್ ಕ್ಯಾನಿಗೇ ವಾಪಸ್ ತುಂಬಿ ಮುಚ್ಚಳ ಹಾಕಿ ಇಟ್ಟುಕೊಳ್ಳಿ. ಶಿವಮೊಗ್ಗಕ್ಕೆ ಹೋದಾಗ ದೊಡ್ಡ ಸರ್ವಿಸ್ ಸ್ಟೇಷನ್ನಿನಲ್ಲಿ ಕೇಳಿ, ಅವರ ಡ್ರಮ್ ತೆಗೆದುಕೊಂಡು ಹೋಗುವವರು ಬರುತ್ತಾರೆ. ಅದರಲ್ಲಿ ಕೂಲೆಂಟ್, ಪೆಟ್ರೋಲ್ ಬೆರೆಸಬೇಡಿ, ಬೆರೆಸಿದ್ದನ್ನು ಅವರು ಮುಟ್ಟುವುದಿಲ್ಲ.

ಕೊಪ್ಪದ ಕಾಫಿ

ಬಾವಿ ಪಕ್ಕದ ಬೇಲಿಗೆ ಬಳಿಯುವುದು ನಿಲ್ಲಿಸುತ್ತೇನೆ. ಉಳಿದದ್ದು ನೋಡೋಣ.

ಸಾಗರದ ಓಮ್ನಿ

ಫಿಟ್ಟರ್ ಸಾರ್, ಬೆಲ್ಟ್ ತೆಗೆದಾಗ ವಾಟರ್ ಪಂಪೂ ಬದಲಿಸಬೇಕಾ?

ಭದ್ರಾವತಿ ಫಿಟ್ಟರ್

ಕೈಯಲ್ಲಿ ತಿರುಗಿಸಿ ನೋಡಿ. ಅಲುಗಾಡಿದರೆ, ಕರಕರ ಅಂದರೆ, ಅಡಿಯಲ್ಲಿ ಕೂಲೆಂಟ್ ಹರಿದ ಕಲೆ ಇದ್ದರೆ ಬದಲಿಸಿ. ಇಲ್ಲದಿದ್ದರೆ ಬಿಡಿ.